ಜೀಪು ಎಳೆಯುತ್ತದೆ, ನಿಲ್ಲಿಸುವವರು ಯಾರು?

2016ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಂದು ತಮಾಷೆ ನಡೆಯಿತು. ರೈನ್ ನದಿಯ ಮೇಲಿನ ಹಳೆಯ ಉಕ್ಕಿನ ಸೇತುವೆ ದಾಟಿ ಲ್ಯಾಂಡ್ ರೋವರ್ ಡಿಸ್ಕವರಿ ಸ್ಪೋರ್ಟ್ ಒಂದು ಮೂರು ಬೋಗಿಗಳ ರೈಲನ್ನೇ ಎಳೆದುಕೊಂಡು ಹೋಯಿತು. ರೈಲಿನ ತೂಕ ನೂರು ಟನ್ನಿಗೂ ಹೆಚ್ಚು, ಎಳೆದ ದೂರ 10 ಕಿಲೋಮೀಟರ್. ಅದಕ್ಕೂ ಹತ್ತು ವರ್ಷ ಮುಂಚೆ, 2006ರಲ್ಲಿ, ಫೋಕ್ಸ್‌ವ್ಯಾಗನ್ ಟುವಾರೆಗ್ 155 ಟನ್ ತೂಕದ ಬೋಯಿಂಗ್ 747 ವಿಮಾನವನ್ನು ಇಂಗ್ಲೆಂಡಿನ ಡನ್ಸ್‌ಫೋಲ್ಡ್ ರನ್‌ವೇ ಮೇಲೆ ಎಳೆದು ತೋರಿಸಿತ್ತು. ಇವೆರಡೂ ಕಟ್ಟುಕಥೆಯಲ್ಲ. ಆದರೆ ರೈಲು ಎಳೆದ ಅದೇ ಡಿಸ್ಕವರಿ ಸ್ಪೋರ್ಟ್‌ಗೆ ರಸ್ತೆಯ ಮೇಲೆ ಕಂಪನಿ ಕೊಟ್ಟಿದ್ದ ಮಿತಿ 2,500 ಕೆ.ಜಿ. ಮಾತ್ರ.

ಹಳಿಯ ಮೇಲೆ ನೂರು ಟನ್, ರಸ್ತೆಯ ಮೇಲೆ ಎರಡೂವರೆ ಟನ್. ಇದರಲ್ಲಿ ಮೋಸವೇನೂ ಇಲ್ಲ. ಸಮತಟ್ಟಾದ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ಬೇಕಾದ ಬಲ ತೀರಾ ಕಡಿಮೆ. ನೂರು ಟನ್ ರೈಲನ್ನು ಚಲನೆಯಲ್ಲಿಡಲು ಇನ್ನೂರು ಕೆ.ಜಿ. ತೂಕ ಎತ್ತುವಷ್ಟು ಬಲ ಸಾಕಾದೀತು. ವಿಮಾನ ಎಳೆಯುವಾಗಲಂತೂ ಟುವಾರೆಗ್‌ನ ಗಾಲಿ ಜಾರದಿರಲೆಂದು ಅದರೊಳಗೆ ಟನ್ನುಗಟ್ಟಲೆ ಭಾರ ತುಂಬಲಾಗಿತ್ತು. ಎರಡು ಪ್ರದರ್ಶನಗಳಲ್ಲೂ ವೇಗ ಕಡಿಮೆ, ನೆಲ ಮಟ್ಟ, ಎದುರಿಗೆ ಬಸ್ಸಿಲ್ಲ, ಹಿಂದೆ ಹಾರ್ನ್ ಹೊಡೆಯುವವರಿಲ್ಲ. ನಿಲ್ಲಿಸುವ ಪರೀಕ್ಷೆಯಂತೂ ಇರಲೇ ಇಲ್ಲ. ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಒಂದೇ: ಎಸ್‌ಯುವಿ ಏನನ್ನು ಬೇಕಾದರೂ ಎಳೆಯುತ್ತದೆ.

ಮಲೆನಾಡಿಗೆ ಈ ನಂಬಿಕೆಯನ್ನು ಹೊರದೇಶದ ಜಾಹೀರಾತು ಬಂದು ಕಲಿಸಬೇಕಾಗಿರಲಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಸೋಮವಾರಪೇಟೆಯ ಕಡೆ ಇಪ್ಪತ್ತು ಮೂವತ್ತು ವರ್ಷದ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಕೊಯ್ಲಿನ ಕಾಲದಲ್ಲಿ ಒಳಗೆ ಆಳುಗಳು, ಹಿಂದೆ ಟ್ರೇಲರ್, ಅದರಲ್ಲಿ ಕಾಫಿ ಚೀಲ. ಉಳಿದ ದಿನಗಳಲ್ಲಿ ಗೊಬ್ಬರ, ಸೌದೆ, ಜಲ್ಲಿ. ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕು. "ಹೇರಿ ಮಾರಾಯ್ರೆ, ಎಷ್ಟು ಬೇಕಾದ್ರೂ ಎಳೀತದೆ" ಎಂಬ ಮಾತು ಅಲ್ಲಿ ಗಾಡಿಯ ಮಾಲೀಕನ ಹೆಮ್ಮೆ. ಆ ಹೆಮ್ಮೆ ಪೊಳ್ಳೇನಲ್ಲ. ಮಹೀಂದ್ರದ ಎಂಎಂ 540 ಜೀಪಿನಲ್ಲಿದ್ದ 2,112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ನಿನ ಶಕ್ತಿ ಬರೀ 62 ಎಚ್‌ಪಿ; ಇವತ್ತಿನ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚಿದೆ. ಆದರೆ ಫೋರ್ ವೀಲ್ ಹಾಕಿ ಲೋ ಗೇರಿಗೆ ಬಿದ್ದರೆ ಚಕ್ರಕ್ಕೆ ಹೋಗುವ ಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಪಟ್ಟು ಇಳಿಯುತ್ತದೆ. ಕೆಸರಿನ ತೋಟದ ದಾರಿಯಲ್ಲಿ ಹೊಸ ಕಾಲದ ಚೆಂದದ ಎಸ್‌ಯುವಿ ಗಾಲಿ ತಿರುಗಿಸುತ್ತಾ ಕೂತಾಗ ಇದು ಗೊರಗೊರ ಎನ್ನುತ್ತಾ ಏರಿಬಿಡುತ್ತದೆ. ಗಟ್ಟಿ ಛಾಸಿ ಇದೆ, ಹುಕ್ಕು ಕೂರಿಸಲು ಜಾಗವಿದೆ, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸುತ್ತಾನೆ. ಹಳೆಯ ಜೀಪನ್ನು ಗುಜರಿಗೆ ಹಾಕಿ ಎಂದು ಪಟ್ಟಣದಲ್ಲಿ ಕೂತು ಬರೆಯುವುದು ಸುಲಭ. ಈ ಬರಹದ ವಾದ ಅದಲ್ಲ.

ವಾದವಿರುವುದು ಹುಕ್ಕಿನಿಂದ ಹಿಂದಿರುವುದರ ಬಗ್ಗೆ. ಜೀಪು ಹುಟ್ಟಿದಾಗಲೇ ಅದಕ್ಕೊಂದು ಟ್ರೇಲರ್ ಕೂಡ ಹುಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಲ್ಲಿಸ್ ಜೀಪಿನ ಹಿಂದೆ ಕಟ್ಟಿದ್ದು ಕಾಲು ಟನ್ನಿನ ಟ್ರೇಲರ್. ಕಚ್ಚಾ ದಾರಿಯಲ್ಲಿ ಅದರಲ್ಲಿ ಹೇರಬೇಕಾದದ್ದು 500 ಪೌಂಡ್, ಅಂದರೆ 227 ಕೆ.ಜಿ. (ಹೊಳೆ ಅಡ್ಡ ಬಂದರೆ ತೇಲಲಿ ಎಂದು ಅದನ್ನು ನೀರು ಸೋರದ ಡಬ್ಬಿಯ ಹಾಗೆ ಮಾಡಿದ್ದರು, ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು.) 1947ರಲ್ಲಿ ಮಹೀಂದ್ರ ಕಂಪನಿ ಅದೇ ವಿಲ್ಲಿಸ್ ಜೀಪನ್ನು ಮುಂಬೈಯಲ್ಲಿ ಜೋಡಿಸಲು ಶುರುಮಾಡಿತು. ಜೀಪು ಬಂತು, ಅದರ ಶಕ್ತಿಯ ಕಥೆಗಳು ಬಂದವು. ಕಾಲು ಟನ್ನಿನ ಲೆಕ್ಕ ಮಾತ್ರ ಹಡಗು ಹತ್ತಲಿಲ್ಲ. 50 ಕೆ.ಜಿ.ಯ ಇಪ್ಪತ್ತು ಚೀಲ ಹೇರಿದರೆ ಒಂದು ಟನ್. ಸಾವಿರ ಲೀಟರ್ ನೀರಿನ ಟ್ಯಾಂಕೆಂದರೂ ಒಂದು ಟನ್, ಟ್ಯಾಂಕು ಮತ್ತು ಟ್ರೇಲರಿನ ತೂಕ ಬೇರೆ. ಟ್ಯಾಂಕು ಅರ್ಧ ಖಾಲಿಯಾದರೆ ತೂಕ ಕಡಿಮೆಯಾಯಿತೆಂದು ಡ್ರೈವರ್ ನಿರಾಳವಾಗುತ್ತಾನೆ. ಒಳಗಿನ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗಿ ಗಾಡಿಯನ್ನು ಎಳೆಯುವುದು ಆಗಲೇ.

ಈಗ ಇಳಿಜಾರಿನ ಲೆಕ್ಕ. ಜನರನ್ನು ಕೂರಿಸಿಕೊಂಡ ಜೀಪು, ತುಂಬಿದ ಟ್ರೇಲರ್, ಎರಡೂ ಸೇರಿ ಮೂರು ಟನ್ ಎಂದಿಟ್ಟುಕೊಳ್ಳೋಣ. ಅದು 500 ಮೀಟರ್ ಎತ್ತರದ ಘಟ್ಟ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಒಂದೂವರೆ ಕೋಟಿ ಜೌಲ್. ನಲವತ್ತೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಇದರಲ್ಲಿ ಸ್ವಲ್ಪ ಗಾಳಿಯ ತಡೆಗೆ, ಟೈರಿನ ತಿಕ್ಕಾಟಕ್ಕೆ ಹೋಗುತ್ತದೆ. ಮಿಕ್ಕದ್ದಕ್ಕೆ ಎರಡೇ ದಾರಿ: ಒಂದು ಎಂಜಿನ್, ಇನ್ನೊಂದು ಬ್ರೇಕ್. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಳೆಯ ಲಾರಿ ಡ್ರೈವರುಗಳು ಹೇಳುತ್ತಿದ್ದದ್ದು ಈ ಶಾಖವನ್ನು ಎಂಜಿನ್ನಿಗೆ ದಾಟಿಸುವ ಉಪಾಯವೇ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವನು ಅಷ್ಟೂ ಶಾಖವನ್ನು ಬ್ರೇಕಿಗೆ ಹೊರಿಸುತ್ತಾನೆ.

ಆಮೇಲೆ ನಡೆಯುವುದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅಪಘಾತದ ಸುದ್ದಿಯಲ್ಲಿ ಅದು 'ಬ್ರೇಕ್ ಫೇಲ್' ಎಂಬ ಎರಡೇ ಪದಕ್ಕೆ ಇಳಿದುಬಿಡುತ್ತದೆ. ಹಳೆಯ ಜೀಪುಗಳ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕ್. ಡ್ರಮ್ ಕಾದರೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಹಾಗಾಗಿ ಪೆಡಲನ್ನು ಇನ್ನಷ್ಟು ಕೆಳಗೆ ಒತ್ತಬೇಕು. ಲೈನರ್ ಕಾದರೆ ಹಿಡಿತ ಬಿಡುತ್ತದೆ. ಮೂರನೆಯದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ. ಮಲೆನಾಡಿನ ಮಳೆ ಕಂಡ, ವರ್ಷಗಟ್ಟಲೆ ಬದಲಿಸದ ಆಯಿಲ್ ಡ್ರಮ್ಮಿನ ಬಿಸಿಗೆ ಕುದಿದು ಆವಿಯಾದರೆ, ಪೆಡಲ್ ಒತ್ತಿದಾಗ ಆವಿ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಗಾಡಿ ತಣ್ಣಗಾದ ಮೇಲೆ ಮೆಕ್ಯಾನಿಕ್ ನೋಡಿದರೆ ಬ್ರೇಕ್ ಸರಿಯಾಗಿಯೇ ಇರುತ್ತದೆ! ತಪ್ಪು ಡ್ರೈವರನ ತಲೆಗೆ ಬೀಳುತ್ತದೆ.

ಟ್ರೇಲರಿಗೇ ಬ್ರೇಕ್ ಇದ್ದಿದ್ದರೆ ಈ ಹೊರೆ ಹಂಚಿಹೋಗುತ್ತಿತ್ತು. ಯುರೋಪಿನಲ್ಲಿ ಒಟ್ಟು ತೂಕ 750 ಕೆ.ಜಿ. ದಾಟಿದ ಟ್ರೇಲರಿಗೆ ತನ್ನದೇ ಬ್ರೇಕ್ ಇರಲೇಬೇಕು. ಅಲ್ಲಿನ ಸಣ್ಣ ಟ್ರೇಲರುಗಳ ವ್ಯವಸ್ಥೆ ಸರಳ: ಮುಂದಿನ ಗಾಡಿ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ, ಆ ನೂಕು ಹುಕ್ಕಿನ ಬಳಿಯ ದಂಡವನ್ನು ಒಳಕ್ಕೆ ತಳ್ಳಿ ಟ್ರೇಲರಿನ ಬ್ರೇಕನ್ನು ಹಿಡಿಸುತ್ತದೆ. ವಿದ್ಯುತ್ ಬೇಡ, ಕಂಪ್ಯೂಟರ್ ಬೇಡ. ನಮ್ಮ ಊರಿನ ವೆಲ್ಡಿಂಗ್ ಶಾಪಿನಲ್ಲಿ ತಯಾರಾಗುವ ಟ್ರೇಲರಿನಲ್ಲಿ ಹಳೆಯ ಆಕ್ಸಲ್, ಪಟ್ಟಿ, ಎರಡು ಚಕ್ರ, ಒಂದು ತೊಟ್ಟಿ ಇರುತ್ತವೆ. ಬ್ರೇಕಿನ ಮಾತು ಬರುವುದು ಅಪರೂಪ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಂಥ ದಾರಿಯಲ್ಲಿ ಇಂಥ ಟ್ರೇಲರ್, ಜೀಪು ತಿರುಗಿದರೂ ತಾನು ನೇರಕ್ಕೇ ಹೋಗಲು ನೋಡುತ್ತದೆ. ಮೊದಲ ಜೀಪುಗಳ ಎರಡು ಆಕ್ಸಲ್‌ಗಳ ನಡುವೆ ಇದ್ದದ್ದು ಬರೀ 80 ಇಂಚು; ಇಷ್ಟು ಗಿಡ್ಡ ಗಾಡಿಯ ಹಿಂಭಾಗವನ್ನು ಅಡ್ಡಕ್ಕೆ ತಳ್ಳಲು ಒದ್ದೆ ರಸ್ತೆಯಲ್ಲಿ ಹೆಚ್ಚು ಬಲ ಬೇಡ.

ಹೇರುವ ರೀತಿಯೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಭಾಗ ಹುಕ್ಕಿನ ಮೇಲೆ ಕೂರಬೇಕೆಂದು ಹೇಳುತ್ತಾರೆ. ಭಾರವೆಲ್ಲ ಟ್ರೇಲರಿನ ಹಿಂಬದಿಗೆ ಸರಿದರೆ ವೇಗ ಹೆಚ್ಚಿದಂತೆ ಅದು ಬಾಲ ಆಡಿಸತೊಡಗುತ್ತದೆ, ಆಮೇಲೆ ಎಳೆಯುವ ಗಾಡಿಯನ್ನೇ ಆಡಿಸುತ್ತದೆ. ಇನ್ನು ಟೈರು. ಫೈರ್‌ಸ್ಟೋನ್ ಕಂಪನಿ 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗೆ ಹಾಕಿದ್ದವು. ಮೇಲ್ಪದರ ಕಿತ್ತುಬಂದು ಗಾಡಿಗಳು ಉರುಳಿದ ಆ ಪ್ರಕರಣದಲ್ಲಿ ಟೈರಿನ ದೋಷದ ಜೊತೆಗೆ ಬಿಸಿ, ಕಡಿಮೆ ಗಾಳಿ, ಹೆಚ್ಚು ಹೊರೆಯ ಪಾತ್ರವೂ ಚರ್ಚೆಯಾಯಿತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ: 2317 ಎಂದರೆ 2017ರ 23ನೇ ವಾರ ತಯಾರಾದದ್ದು. ತೋಟದ ಜೀಪುಗಳು ವರ್ಷಕ್ಕೆ ಓಡುವ ದೂರ ಕಡಿಮೆ, ಹಾಗಾಗಿ ಟೈರಿನ ಹಲ್ಲು ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗಿರುತ್ತದೆ.

ಹೊರದೇಶದವರೆಲ್ಲ ಈ ವಿಷಯದಲ್ಲಿ ಜಾಣರು ಎಂದೇನೂ ಅಲ್ಲ. ಅಮೆರಿಕದ ಕಂಪನಿಗಳು ಬಹುಕಾಲ ತಮ್ಮ ಗಾಡಿ ಎಷ್ಟು ಎಳೆಯುತ್ತದೆ ಎಂಬುದನ್ನು ತಾವೇ ನಿರ್ಧರಿಸಿ, ತಾವೇ ಸಾರುತ್ತಿದ್ದವು. ಪಕ್ಕದ ಕಂಪನಿ ನೂರು ಪೌಂಡ್ ಹೆಚ್ಚಿಸಿದರೆ ಇವರೂ ನೂರು. ಕೊನೆಗೆ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್ಎಇ ಜೆ2807 ಎಂಬ ಸಮಾನ ಮಾನದಂಡ ತಂದಿತು. ಅದರ ಪ್ರಕಾರ ಗಾಡಿ ತುಂಬಿದ ಟ್ರೇಲರ್ ಕಟ್ಟಿಕೊಂಡು ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು, ಸುಮಾರು 18 ಕಿಲೋಮೀಟರ್, ಬಿಸಿಲಿನಲ್ಲಿ ಎಸಿಯನ್ನು ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಮೊದಲು ಒಪ್ಪಿಕೊಂಡ ಟೊಯೋಟಾದ 2011ರ ಟಂಡ್ರಾ ಪಿಕಪ್‌ಗಳ ಕೆಲವು ಅಂಕಿಗಳು ಹಿಂದಿನದಕ್ಕಿಂತ ಇಳಿದವು. ಬ್ರಿಟನ್ ಇದರ ವಿರುದ್ಧ ದಿಕ್ಕಿಗೆ ನಡೆಯಿತು. 1997ರ ನಂತರ ಲೈಸೆನ್ಸ್ ಪಡೆದವರು ದೊಡ್ಡ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆ ಪಾಸಾಗಬೇಕಿತ್ತು; ಲಾರಿ ಚಾಲಕರ ಕೊರತೆ ಬಂದಾಗ, ಪರೀಕ್ಷಕರನ್ನು ಆ ಕಡೆಗೆ ಬಿಡಿಸಿಕೊಳ್ಳಲೆಂದು 2021ರ ಡಿಸೆಂಬರ್‌ನಲ್ಲಿ ಆ ಪರೀಕ್ಷೆಯನ್ನೇ ಕೈಬಿಟ್ಟರು. ಅನುಕೂಲ ನೋಡಿ ಸುರಕ್ಷತೆ ಬಿಡುವುದು ನಮ್ಮಲ್ಲಿ ಮಾತ್ರ ಎಂದು ಕೊರಗುವವರಿಗೆ ಇದೊಂದು ಸಮಾಧಾನ.

ನಮ್ಮಲ್ಲಿ ಕಾನೂನೇ ಇಲ್ಲವೆನ್ನುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ 'ವಾಹನ'ವೇ, ಹಾಗಾಗಿ ರಸ್ತೆಗಿಳಿಯಬೇಕಾದರೆ ಅದಕ್ಕೂ ನೋಂದಣಿ ಬೇಕು. ಅನುಮತಿಸಿದ ತೂಕ ಮೀರಿದರೆ, 2019ರ ತಿದ್ದುಪಡಿಯ ನಂತರ 20 ಸಾವಿರ ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ ಎರಡೆರಡು ಸಾವಿರ. ಆದರೆ ಈ ದಂಡ ಲಾರಿಗಳ ಲೆಕ್ಕದಲ್ಲಿ ಯೋಚಿಸಿದ್ದು. ಖಾಸಗಿ ಜೀಪಿನ ಆರ್‌ಸಿಯಲ್ಲಿ ಅದರ ತೂಕ ಇರುತ್ತದೆ, ಸೀಟುಗಳ ಸಂಖ್ಯೆ ಇರುತ್ತದೆ. ಅದು ಎಷ್ಟು ಎಳೆಯಬಹುದು ಎಂಬುದನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಹದಿನೈದು ವರ್ಷಕ್ಕೆ ನೋಂದಣಿ ಮುಗಿದು ನವೀಕರಣಕ್ಕೆ ಹೋದಾಗ ಜೀಪು ಆರ್‌ಟಿಒ ಅಂಗಳಕ್ಕೆ ಖಾಲಿಯಾಗಿ, ಒಂಟಿಯಾಗಿ, ತೊಳೆಸಿಕೊಂಡು ಹೋಗುತ್ತದೆ. ಹುಕ್ಕನ್ನು ಬಂಪರಿಗೆ ಬೆಸೆದಿದ್ದಾರೋ ಛಾಸಿಗೆ ಬೋಲ್ಟ್ ಮಾಡಿದ್ದಾರೋ ಎಂದು ಬಗ್ಗಿ ನೋಡುವುದು ಇನ್‌ಸ್ಪೆಕ್ಟರ್ ಮನಸ್ಸಿಗೆ ಬಿಟ್ಟ ವಿಷಯ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಾಗಿಲ್ಲ. ನವೀಕರಣದ ದಿನ ಹುಕ್ಕಿರುವ ಗಾಡಿ ತನ್ನ ಟ್ರೇಲರಿನ ಜೊತೆಗೇ ಬರಲಿ. ಇಷ್ಟು ತೂಕ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ ಎಂಬ ಗೆರೆಯನ್ನು, ಯುರೋಪಿನಂತೆ 750 ಕೆ.ಜಿ.ಗೋ ಇನ್ನೊಂದಕ್ಕೋ, ಎಳೆದು ಅದನ್ನು ಸ್ಥಳೀಯ ವೆಲ್ಡಿಂಗ್ ಶಾಪುಗಳವರೆಗೆ ತಲುಪಿಸಲಿ. ಕಂಪನಿಗಳು ತಮ್ಮ ಪ್ರತಿ ಎಸ್‌ಯುವಿಯ ಎಳೆಯುವ ಮಿತಿಯನ್ನು, ಅದು ಸೊನ್ನೆಯಾಗಿದ್ದರೂ ಸರಿ, ಆರ್‌ಸಿಯಲ್ಲಿ ಬರುವಂತೆ ಘೋಷಿಸಲಿ. ಬಂಡೆಯ ಮೇಲೆ ಗಾಡಿ ಹತ್ತಿಸಿ ಜಾಹೀರಾತು ಮಾಡುವವರಿಗೆ ಒಂದು ಅಂಕಿ ಅಚ್ಚು ಹಾಕಿಸುವುದು ಭಾರವಾಗದು. ಹಾಗೆ ಹೇಳಿದ ಅಂಕಿಯೂ ಹೊಸ ಗಾಡಿಯದ್ದು ಎಂಬುದನ್ನು ಕೊಳ್ಳುವವರು ಮರೆಯಬಾರದು. ಇಪ್ಪತ್ತು ಮಳೆಗಾಲ ಕಂಡ ಛಾಸಿಗೆ, ತುಕ್ಕು ಹಿಡಿದ ಬ್ರೇಕ್ ಪೈಪಿಗೆ ಯಾವ ಕಂಪನಿಯೂ ಅಂಕಿ ಕೊಡುವುದಿಲ್ಲ.

ಅಲ್ಲಿಯವರೆಗೆ ಕೆಲಸ ಹಂಚುವುದು ಬೆಳೆಗಾರರ ಕೈಯಲ್ಲೇ ಇದೆ. ಗಿಡದ ಸಾಲಿನಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಲೋ ಗೇರಿನಲ್ಲಿ ಚೀಲ ಸಾಗಿಸಲು ಹಳೆಯ ಜೀಪಿಗೆ ಸಾಟಿಯಿಲ್ಲ. ಅಲ್ಲಿ ವೇಗ ಹತ್ತು ಕಿಲೋಮೀಟರ್ ದಾಟುವುದಿಲ್ಲ, ಆಳುಗಳು ಟ್ರೇಲರಿನಿಂದ ಇಳಿದು ನಡೆದರೂ ಆಗುತ್ತದೆ. ಘಟ್ಟ ಇಳಿದು ಕರಾವಳಿಗೆ ಹೋಗುವ ಟನ್ನುಗಟ್ಟಲೆ ಸರಕಿಗೆ 1.3, 1.5, 1.7 ಟನ್ ಹೊರುವ ಬೊಲೆರೊ ಪಿಕಪ್‌ಗಳು ಪ್ರತಿ ಪೇಟೆಯಲ್ಲೂ ಬಾಡಿಗೆಗೆ ನಿಂತಿವೆ. ಅವುಗಳ ಬ್ರೇಕ್ ಆ ತೂಕವನ್ನು ಲೆಕ್ಕ ಹಾಕಿಯೇ ಕೂರಿಸಿದ್ದು. ಬಾಡಿಗೆ ದುಬಾರಿ ಎನ್ನುವವರು ಕೊಯ್ಲು ಶುರುವಾಗುವ ಮುನ್ನ ಜೀಪಿನ ಬ್ರೇಕ್ ಆಯಿಲ್ಲನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿ, ನಾಲ್ಕೂ ಡ್ರಮ್ ಬಿಚ್ಚಿಸಿ, ತುಂಬಿದ ಟ್ರೇಲರನ್ನು ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ ಚೀಟಿ ತೆಗೆದುಕೊಳ್ಳಲಿ.