ನಮ್ಮ ಹೆಸರು ಯಾವ ಇಸವಿಯಲ್ಲಿದೆ?

ಡಿಸೆಂಬರ್ ಕೊನೇ ವಾರ ಬಂತಂದ್ರೆ ವಾಟ್ಸಾಪಿನಲ್ಲಿ ಅದೇ ಮೆಸೇಜು: ಜನವರಿ ಒಂದು ಗುಲಾಮರ ಹೊಸ ವರ್ಷ, ನಮ್ಮದು ಯುಗಾದಿ. ಈ ಸಲ ನಮ್ಮ ಕಾಲೇಜು ಗ್ರೂಪಿಗೆ ಹಾಕಿದವರು ಲೆಕ್ಕಾನೂ ಸೇರಿಸಿದ್ರು. ಅವರದ್ದು ಬರೀ 2025 ಅಂತೆ, ನಮ್ಮದು ಕಲಿಯುಗ 5127 ಅಂತೆ.

ಸರಿ ಸ್ವಾಮಿ, ಲೆಕ್ಕಾನೇ ನೋಡೋಣ. ಇದೇ ಡಿಸೆಂಬರ್ ಶಾಲಿವಾಹನ ಶಕೆಯಲ್ಲಿ 1947, ವಿಕ್ರಮ ಶಕೆಯಲ್ಲಿ 2082, ಹಿಜರಿಯಲ್ಲಿ 1447. ಬುದ್ಧ ವರ್ಷ ನಮ್ಮಲ್ಲಿ 2569, ಥಾಯ್ಲೆಂಡಿನಲ್ಲಿ 2568. ಇದರಲ್ಲಿ ಸ್ವದೇಶಿ ಯಾವುದು? ಕ್ರಿ.ಶ. 78ರಿಂದ ಎಣಿಸೋ ಶಕ ವರ್ಷದ ಹೆಸರಲ್ಲೇ ಶಕರಿದ್ದಾರೆ, ಹೊರಗಿಂದ ಬಂದವರು. ಶಾಲಿವಾಹನನ ಹೆಸರು ಎಷ್ಟೋ ಶತಮಾನ ಆದಮೇಲೆ ಅಂಟಿಕೊಂಡಿದ್ದು. ಐಹೊಳೆಯ ಮೇಗುತಿ ಬಸದಿಗೆ ಹೋಗಿ ನೋಡಿ. ರವಿಕೀರ್ತಿಯ ಶಾಸನದಲ್ಲಿ ಶಕ 556 ಅಂತಾನೂ ಇದೆ, ಭಾರತ ಯುದ್ಧವಾಗಿ 3735 ವರ್ಷ ಅಂತಾನೂ ಇದೆ. ಎರಡೂ ಕ್ರಿ.ಶ. 634ನೇ ಇಸವಿಯೇ. ಬರೆಸಿದ್ದು ಜೈನ ಕವಿ.

ಯುಗಾದಿ ಜೊತೆ ನನಗೆ ಜಗಳ ಇಲ್ಲ. ನಮ್ಮವ್ವನೂ ಬೇವುಬೆಲ್ಲ ಕೊಡ್ತಾಳೆ, ಹೋಳಿಗೆ ಮಾಡ್ತಾಳೆ. ನಾನು ಕೇಳೋದು ಇಷ್ಟೇ: ನಿಮ್ಮ 5127 ವರ್ಷದಲ್ಲಿ ನಮ್ಮ ಕೇರಿಗೆ ಬಂದು ಒಂದು ಕೂಸಿನ ಜಾತಕ ಬರೆದವರು ಯಾರು? ತಿಥಿ, ನಕ್ಷತ್ರ, ಸಂವತ್ಸರ ಎಲ್ಲಾ ಊರೊಳಗೇ ಉಳೀತು. ನಮ್ಮಪ್ಪ ಹುಟ್ಟಿದ್ದು ಯಾವಾಗ ಅಂದ್ರೆ ಅಜ್ಜಿ "ಕೆರೆ ಒಡೆದ ವರ್ಷ" ಅನ್ನೋಳು. ಯಾವ ಕೆರೆ, ಯಾವ ವರ್ಷ, ಆ ದೇವರೇ ಬಲ್ಲ.

ನನ್ನನ್ನ ಶಾಲೆಗೆ ಸೇರಿಸುವಾಗ ಮೇಷ್ಟ್ರು ತಲೆ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಅಂದ್ರು. ಮುಟ್ಟಿದೆ. ಜೂನ್ 1 ಅಂತ ಬರಕೊಂಡ್ರು. ಅವ್ವ ಪಕ್ಕದಲ್ಲೇ ನಿಂತಿದ್ಳು, ಅವಳನ್ನ ಒಂದು ಮಾತು ಕೇಳಲಿಲ್ಲ. ಕ್ಲಾಸಿನಲ್ಲಿ ಅರ್ಧ ಮಕ್ಕಳು ಜೂನ್ ಒಂದರವರೇ! ಸುಳ್ಳು ತಾರೀಖು, ಒಪ್ತೀನಿ. ಆದ್ರೆ ಎಸ್ಸೆಸ್ಸೆಲ್ಸಿ ಕಾರ್ಡು, ಸ್ಕಾಲರ್‌ಶಿಪ್ಪು, ಈಗಿನ ನೌಕರಿ ಎಲ್ಲಾ ನಿಂತಿರೋದು ಆ ಇಂಗ್ಲಿಷ್ ತಾರೀಖಿನ ಮೇಲೇ.

ಇನ್ನು ಗುಲಾಮರ ದಿನದ ಮಾತು. 1818ರ ಜನವರಿ ಒಂದರಂದು ಭೀಮಾ ಕೋರೆಗಾಂವ್‌ನಲ್ಲಿ ಪೇಶ್ವೆ ಸೈನ್ಯದೆದುರು ಮಹಾರ್ ಸೈನಿಕರು ನಿಂತಿದ್ರು. ಕಂಪನಿ ಸೈನ್ಯದಲ್ಲಿದ್ರು, ಗೊತ್ತು, ಅದನ್ನೇ ಹಿಡ್ಕೊಂಡು ಕಾಮೆಂಟಿಗೆ ಬರಬೇಡಿ. ಸತ್ತವರ ಹೆಸರು ಅಲ್ಲಿನ ಸ್ತಂಭದ ಮೇಲೆ ಕೆತ್ತಿದಾರೆ. 1927ರ ಜನವರಿ ಒಂದಕ್ಕೆ ಬಾಬಾಸಾಹೇಬರು ಅಲ್ಲಿಗೆ ಹೋಗಿದ್ರು.

ಮೆಸೇಜು ಕಳಿಸಿದ ಗೆಳೆಯರೇ, ಈ ಜನವರಿ ಒಂದಕ್ಕೆ ನಾನೂ ಅಲ್ಲೇ ಇರ್ತೀನಿ. ಟಿಕೆಟ್ ಬುಕ್ ಆಗಿದೆ.

ಜೈಭೀಮ್.