ಮದ್ದು ಬಂತು, ಪುಸ್ತಕ ಬರಲಿಲ್ಲ



ಮಳೆಗಾಲ ಹತ್ತಿರವಾದಂತೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮೈಲುತುತ್ತು, ಸುಣ್ಣದ ಮಾತೇ ಮಾತು. ಮದ್ದು ಬಿಡುವವರು ಯಾವಾಗ ಸಿಗುತ್ತಾರೆ, ಬಿಸಿಲು ಎಷ್ಟು ದಿನ ಇದ್ದೀತು ಎಂಬುದೇ ಎಲ್ಲರ ಚಿಂತೆ. ಆದರೆ ಮದ್ದು ಬಿಟ್ಟದ್ದನ್ನು ಬರೆದಿಟ್ಟುಕೊಳ್ಳುವ ಮನೆಗಳು ಬಹಳ ಕಡಿಮೆ. ಇದು ತೋಟದಲ್ಲಿ ದುಡಿಯುವವರ ಆರೋಗ್ಯಕ್ಕೆ ಸಂಬಂಧಿಸಿದ ವಿಷಯ, ಉದಾಸೀನ ಮಾಡತಕ್ಕದ್ದಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯ ನಮ್ಮಲ್ಲಿ ಬೇರೂರಿದ್ದು ಇಟಲಿಯ ಒಂದು ದ್ರಾಕ್ಷಿ ತೋಟದಲ್ಲಿ.

ನಾವು ರೋಮ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲ. 2004ರ ಜೂನ್ ತಿಂಗಳ ಒಂದು ಸಂಜೆ ಇಬ್ಬರು ಮಿತ್ರರೊಡನೆ ಫ್ರಾಸ್ಕಾತಿ ಎಂಬ ಗುಡ್ಡದ ಊರಿಗೆ ಹೋಗಿದ್ದೆವು. ರೋಮ್‌ನಿಂದ ಸುಮಾರು 20 ಕಿ.ಮೀ., ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಪ್ರಾಚೀನ ಕಾಲದಲ್ಲಿ ಜ್ವಾಲಾಮುಖಿ ಉಗುಳಿದ ಬೂದಿಯೇ ಅಲ್ಲಿ ಮಣ್ಣಾಗಿದೆ. ಆ ಮಣ್ಣಿನಲ್ಲಿ ಬೆಳೆಯುವ ಮಲ್ವಾಸಿಯಾ, ತ್ರೆಬ್ಬಿಯಾನೋ ದ್ರಾಕ್ಷಿಗಳಿಂದ ತಯಾರಾಗುವ ಬಿಳಿ ವೈನ್‌ಗೆ ಊರಿನದೇ ಹೆಸರು.

ಮಿತ್ರರೊಬ್ಬರಿಗೆ ಪರಿಚಯವಿದ್ದ ಕೃಷಿಕರ ಮನೆ ಅದು. ವಯಸ್ಸಾದ ಯಜಮಾನರು ನಮ್ಮನ್ನು ಬಳ್ಳಿಗಳ ಸಾಲಿನ ನಡುವೆ ಕರೆದೊಯ್ದರು. ನೋಡುತ್ತೇವೆ, ಎಲೆಗಳ ಮೇಲೆಲ್ಲ ನೀಲಿ ಕಲೆ! ಊರಿನಲ್ಲಿ ಅಡಿಕೆ ಗೊನೆಯ ಮೇಲೆ ಬಾಲ್ಯದಿಂದ ಕಂಡ ಅದೇ ಬಣ್ಣ. 'ವೆರ್ದೆರಾಮೆ' ಎಂದರು ಯಜಮಾನರು. ನಮ್ಮ ಬೋರ್ಡೋ ದ್ರಾವಣಕ್ಕೆ ಅಲ್ಲಿಯ ರೈತರು ಹೇಳುವ ಹೆಸರು.

ಮಿತ್ರರೊಬ್ಬರು ಎಳೆಯ ಚಿಗುರೊಂದನ್ನು ಕಿತ್ತು ಬಾಯಿಗಿಡಲು ಹೋದಾಗ ಯಜಮಾನರು ಕೈ ಹಿಡಿದು ತಡೆದರು. ಮನೆಯೊಳಗಿನಿಂದ ಒಂದು ಪುಸ್ತಕ ತಂದು ತೆರೆದು ತೋರಿಸಿದರು. ದಿನಾಂಕ, ತೋಟದ ಯಾವ ಭಾಗ, ಯಾವ ರೋಗಕ್ಕೆ, ಯಾವ ಮದ್ದು, ಎಷ್ಟು ಪ್ರಮಾಣ ಎಲ್ಲವೂ ಅದರಲ್ಲಿತ್ತು. ಆ ಸಾಲಿಗೆ ಮದ್ದು ಬಿಟ್ಟು ಮೂರು ದಿನವಷ್ಟೇ ಆಗಿತ್ತು. ಹೀಗೆ ಬರೆದಿಡುವುದು ಅಲ್ಲಿ ಕಾನೂನು. "ತನಿಖೆಗೆ ಬಂದವರಿಗೆ ತೋರಿಸಲೇಬೇಕು. ಆದರೆ ನಾನು ಬರೆಯುವುದು ಅವರಿಗಾಗಿ ಅಲ್ಲ, ಮೊಮ್ಮಕ್ಕಳು ಇಲ್ಲಿ ಆಡುತ್ತಾರೆ" ಎಂದರು ಆ ಹಿರಿಯರು. ಆಮೇಲೆ ಅಂಗಳದ ಮೇಜಿನ ಮೇಲೆ ರೊಟ್ಟಿ, ಸುಟ್ಟ ಹಂದಿಮಾಂಸ, ಅವರ ಮನೆಯದೇ ವೈನ್ ಬಂತು. ಕತ್ತಲಾಗುವವರೆಗೂ ಮಾತು ಮದ್ದಿನ ಸುತ್ತಲೇ ನಡೆಯಿತು.

ಈ ಮದ್ದಿನ ಚರಿತ್ರೆ ಸ್ವಾರಸ್ಯಕರವಾಗಿದೆ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ದಾರಿ ಬದಿಯ ಬಳ್ಳಿಗಳಿಗೆ ತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. ಬೂಜುರೋಗ ಬಂದಾಗ ಆ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದವು. ಇದನ್ನು ಗಮನಿಸಿದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ದೆ ಅವರು ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ದ್ರಾವಣವನ್ನು ಬಳಕೆಗೆ ತಂದರು. ಹೀಗೆ ದ್ರಾಕ್ಷಿ ತೋಟದ ಮದ್ದು ಅಡಿಕೆ ತೋಟಕ್ಕೆ ಬಂತು. ಆ ತೋಟಗಳಲ್ಲಿ ಮುಂದೆ ರೂಢಿಗೆ ಬಂದ ಪುಸ್ತಕ ಮಾತ್ರ ಇಲ್ಲಿಗೆ ಬರಲಿಲ್ಲ.

"ತುತ್ತು, ಸುಣ್ಣ ತಾನೇ, ಅದೇನು ಘೋರ ವಿಷವೇ?" ಎಂದು ನೀವು ಕೇಳಬಹುದು. ಇತರ ಕೀಟನಾಶಕಗಳಿಗೆ ಹೋಲಿಸಿದರೆ ಇದು ಸೌಮ್ಯ ಎಂಬುದು ನಿಜ. ಆದರೆ ಹಲವಾರು ವರ್ಷ ಈ ದ್ರಾವಣವನ್ನು ಸಿಂಪಡಿಸಿದ ದ್ರಾಕ್ಷಿ ತೋಟದ ಕಾರ್ಮಿಕರಲ್ಲಿ ಒಂದು ಶ್ವಾಸಕೋಶದ ಕಾಯಿಲೆಯನ್ನು ಪೋರ್ಚುಗಲ್‌ನ ವೈದ್ಯರು 1969ರಲ್ಲಿ ವರದಿ ಮಾಡಿದರು. ಅವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡಿತ್ತು. ಮದ್ದು ಬಿಡುವ ಎಲ್ಲರಿಗೂ ಇದು ಬರುತ್ತದೆಂದಲ್ಲ. ಉಸಿರಿನೊಡನೆ ಒಳಗೆ ಹೋದದ್ದು ಸುಮ್ಮನಿರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಮಣ್ಣಿಗೆ ಬಿದ್ದ ತಾಮ್ರವೂ ಕರಗಿ ಮಾಯವಾಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಅದಕ್ಕಾಗಿಯೇ 2019ರಿಂದ ಯುರೋಪಿನ ಒಕ್ಕೂಟದಲ್ಲಿ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಹಾಕಕೂಡದೆಂಬ ಮಿತಿ ಬಂದಿದೆ. ಬರೆದಿಡದವರು ಏಳು ವರ್ಷದ ಲೆಕ್ಕ ಕೊಡುವುದು ಹೇಗೆ?

ನಮ್ಮ ಜಿಲ್ಲೆಗೆ ಈ ಪಾಠ ಹೊಸದಲ್ಲ. 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಯಾವ ದಿನ, ಯಾರ ಬಾವಿಯ ಮೇಲೆ ಎಷ್ಟು ಬಿತ್ತು ಎಂದು ಬರೆದಿಟ್ಟುಕೊಂಡ ಮನೆಗಳೆಷ್ಟು? ನೊಂದವರು ನ್ಯಾಯ ಕೇಳುವಾಗ ಕಣ್ಣೀರಿನ ಜೊತೆಗೆ ಕಾಗದವೂ ಬೇಕಾಗುತ್ತದೆ.

ಆದ್ದರಿಂದ ಈ ವರ್ಷ ಪ್ರತಿ ಮನೆಯಲ್ಲೂ ಒಂದು ಮದ್ದಿನ ಪುಸ್ತಕ ಇರಲಿ ಎಂದು ಸೂಚಿಸುತ್ತೇವೆ. ದಿನಾಂಕ, ತೋಟದ ಭಾಗ, ಮದ್ದಿನ ಹೆಸರು, ಪ್ರಮಾಣ, ಬಿಟ್ಟವರ ಹೆಸರು ಬರೆಯಿರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಿಮಗೆ ಗೊತ್ತೇ ಇದೆ. ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಆ ಪರೀಕ್ಷೆ ಮಾಡಿದ್ದನ್ನೂ ಬರೆಯಿರಿ. ಈಗ ಫೈಬರ್ ದೋಟಿ ಬಂದು ಮರ ಹತ್ತುವ ಅಪಾಯ ಕಡಿಮೆಯಾಗಿದೆ. ಆದರೆ ತಲೆಯೆತ್ತಿ ನಿಂತವರ ಮುಖದ ಮೇಲೆಯೇ ಹನಿ ಬೀಳುತ್ತದೆ. ಅವರಿಗೆ ಮುಖಗವಸು, ಕನ್ನಡಕ, ಕೈಗವಸು ಕೊಡುವುದು ಯಜಮಾನರ ಕರ್ತವ್ಯ. ಕೂಲಿ ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ. ಬಾವಿಯನ್ನು ಮುಚ್ಚಿರಿ, ನೆರೆಮನೆಗೆ ಮುಂಚಿತವಾಗಿ ತಿಳಿಸಿರಿ. ಕೆಮ್ಮು, ಚರ್ಮದ ತುರಿಕೆ ಬಂದು ವೈದ್ಯರ ಬಳಿ ಹೋಗುವಾಗ ಪುಸ್ತಕ ಜೊತೆಗಿರಲಿ.

ಬರೆಯಲು ಸಮಯವಿಲ್ಲ ಎನ್ನುವವರು ಶಾಲೆಗೆ ಹೋಗುವ ಮಕ್ಕಳ ಕೈಗೆ ಪುಸ್ತಕ ಕೊಡಿ. ಸಂಜೆ ಅವರು ಕೇಳಿ ಕೇಳಿ ಬರೆದುಕೊಳ್ಳಲಿ. ನಾಳೆ ತೋಟ ಅವರದೇ ತಾನೇ?