ಕೊಡಲಿ ಕೆಳಗಿಡಿ, ಪತ್ರಗಳನ್ನು ಓದಿ

ಸಂತ ಬೊನಿಫೇಸ್ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಒಂದು ಮರ. ಈಗಿನ ಜರ್ಮನಿಯ ಹೆಸ್ಸೆ ಸೀಮೆಯ ಗೈಸ್ಮಾರ್‌ನಲ್ಲಿ, 723ರ ಸುಮಾರಿಗೆ, ಜನ ಪೂಜಿಸುತ್ತಿದ್ದ ಓಕ್ ಮರಕ್ಕೆ ಆತ ಕೊಡಲಿ ಹಾಕಿದ. ಮರಕ್ಕೆ ಸ್ವಲ್ಪ ಗಾಯವಾಗುತ್ತಲೇ ಗಾಳಿ ಬೀಸಿತು, ಮರ ನಾಲ್ಕು ಹೋಳಾಗಿ ಉರುಳಿತು. ಶಪಿಸುತ್ತಾ ನಿಂತಿದ್ದವರು ಹೊಸ ದೇವರನ್ನು ನಂಬಿದರು. ಅದೇ ಮರದಿಂದ ಸಂತ ಪೀಟರನ ಹೆಸರಿನ ಪ್ರಾರ್ಥನಾಮಂದಿರ ಎದ್ದಿತು. ಭಕ್ತರಿಗೆ ಇದು ಪವಾಡ, ಟೀಕಾಕಾರರಿಗೆ ಒಂದು ಸಂಸ್ಕೃತಿಯ ಕೊಲೆ. ಅವರ ಜಗಳ ಏನೇ ಇರಲಿ, ನನ್ನ ತಕರಾರು ಇಬ್ಬರ ಮೇಲೂ ಇದೆ. ಒಬ್ಬ ಮನುಷ್ಯ ಒಂದು ಕೊಡಲಿಯಿಂದ ಒಂದು ಜನಾಂಗದ ನಂಬಿಕೆಯನ್ನೇ ಬದಲಿಸಿದ ಎಂಬ ಕಥೆಯನ್ನು ಇಬ್ಬರೂ ಒಪ್ಪಿಕೊಂಡಿದ್ದಾರೆ.

ಕಥೆ ಬರೆದವನು ವಿಲ್ಲಿಬಾಲ್ಡ್ ಎಂಬ ಪಾದ್ರಿ. 754ರಲ್ಲಿ ಫ್ರಿಸಿಯಾದ ಡೊಕ್ಕುಮ್ ಬಳಿ ಬೊನಿಫೇಸ್ ಕೊಲೆಯಾದ ಮೇಲೆ ಬರೆದ ಸಂತಚರಿತ್ರೆ ಅದು. ಮಹಿಮೆ ಹೇಳುವುದೇ ಅದರ ಕೆಲಸ. ಆ ಮರವನ್ನೂ ಅವನು ‘ಜುಪಿಟರ್‌ನ ಓಕ್’ ಎಂದು ರೋಮನ್ ದೇವರ ಹೆಸರಿನಿಂದಲೇ ಕರೆಯುತ್ತಾನೆ. ಅಲ್ಲಿನವರು ತಮ್ಮ ದೇವರನ್ನು ಏನೆಂದು ಕರೆಯುತ್ತಿದ್ದರು ಎಂಬುದು ಅವನಿಗೆ ಬೇಕಿರಲಿಲ್ಲ.

ಆದರೆ ಬೊನಿಫೇಸ್‌ನ ಸ್ವಂತ ಪತ್ರಗಳೇ ನಮಗೆ ಉಳಿದಿವೆ. ಅವುಗಳಲ್ಲಿ ಈ ಮರದ ಸುದ್ದಿಯಿಲ್ಲ. ಇರುವುದು ಕೇಳಿಕೆ, ಆತಂಕ, ಸುಸ್ತು. ವಿಂಚೆಸ್ಟರ್‌ನ ಬಿಷಪ್ ಡೇನಿಯಲ್‌ಗೆ ಆತ ಬರೆದ ಪತ್ರವೊಂದರಲ್ಲಿ ಒಂದು ತಪ್ಪೊಪ್ಪಿಗೆಯಿದೆ: ಫ್ರಾಂಕರ ದೊರೆಯ ಆಸರೆ ಇಲ್ಲದೆ ತಾನು ಸಭೆಯನ್ನು ನಡೆಸಲಾರೆ, ಪಾದ್ರಿಗಳನ್ನೂ ಸನ್ಯಾಸಿನಿಯರನ್ನೂ ಕಾಯಲಾರೆ, ದೊರೆಯ ಆಜ್ಞೆ ಮತ್ತು ಭಯ ಇಲ್ಲದಿದ್ದರೆ ಹಳೆಯ ಪೂಜೆಗಳನ್ನು ತಡೆಯಲೂ ಆರೆ. 723ರಲ್ಲಿ ಚಾರ್ಲ್ಸ್ ಮಾರ್ಟೆಲ್ ಆತನಿಗೆ ರಕ್ಷಣಾಪತ್ರ ಕೊಟ್ಟಿದ್ದ. ಮರ ಬಿದ್ದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವಿಲ್ಲಿಬಾಲ್ಡ್ ಗಾಳಿಯನ್ನು ಕಂಡ ಕಡೆ ನನಗೆ ದೊರೆಯ ಮುದ್ರೆ ಕಾಣುತ್ತದೆ.

ಇದೇ ಡೇನಿಯಲ್ ಬೊನಿಫೇಸ್‌ಗೆ ಕೊಟ್ಟ ಸಲಹೆಯನ್ನು ಕೆಲವರು ಸಹನೆಯ ಮಾದರಿ ಎಂದು ಹೊಗಳುತ್ತಾರೆ. ಅವಮಾನಿಸಬೇಡ, ನಿಮ್ಮ ದೇವರುಗಳು ಹುಟ್ಟಿದ್ದು ಹೇಗೆಂದು ಮೆಲ್ಲಗೆ ಕೇಳು ಎನ್ನುತ್ತಾನೆ ಆತ. ಸರಿ, ಮುಂದೆಯೂ ಓದಬೇಕು. ದ್ರಾಕ್ಷಾರಸ ಮತ್ತು ಎಣ್ಣೆ ತುಂಬಿದ ನಾಡುಗಳು ಕ್ರೈಸ್ತರ ಕೈಯಲ್ಲಿವೆ, ಹಳೆಯ ದೇವರುಗಳನ್ನು ನಂಬಿದವರಿಗೆ ಉಳಿದದ್ದು ಹೆಪ್ಪುಗಟ್ಟಿದ ನೆಲ. ಇದನ್ನೂ ಅವರಿಗೆ ತೋರಿಸು ಎನ್ನುತ್ತಾನೆ. ಮೆಲುಮಾತಿನ ಒಳಗೂ ಗೆದ್ದವರ ಲೆಕ್ಕವೇ ಇದೆ.

ಕೊಡಲಿಯ ಕಥೆ ಮುಚ್ಚಿಟ್ಟದ್ದು ಅಧಿಕಾರವನ್ನಷ್ಟೇ ಅಲ್ಲ, ದುಡಿಮೆಯನ್ನೂ ಮುಚ್ಚಿಟ್ಟಿದೆ. ಇಂಗ್ಲೆಂಡಿನ ಮಠಾಧಿಪತಿಣಿ ಈಡ್‌ಬರ್ಗಾಗೆ ಚಿನ್ನ ಕಳಿಸಿ, ಪೀಟರನ ಪತ್ರಿಕೆಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆದುಕೊಡು ಎಂದು ಬೊನಿಫೇಸ್ ಬೇಡುತ್ತಾನೆ. ಬೋಧಿಸುವಾಗ ಕಣ್ಣಿಗೆ ಕಂಡದ್ದನ್ನೇ ನಂಬುವ ಜನರಿಗೆ ಗ್ರಂಥದ ಮೇಲೆ ಗೌರವ ಹುಟ್ಟಲಿ ಎಂಬುದು ಉದ್ದೇಶ. ಲಿಯೋಬಾ ಎಂಬ ಎಳೆಯ ಸನ್ಯಾಸಿನಿ ತಾನು ಕಟ್ಟಿದ ಲ್ಯಾಟಿನ್ ಪದ್ಯ ಕಳಿಸಿ, ತನ್ನ ಒರಟು ಶೈಲಿಯನ್ನು ತಿದ್ದಿಕೊಡಿ ಎಂದು ಆತನನ್ನು ಕೇಳುತ್ತಾಳೆ. ಮುಂದೆ ಅವಳೇ ಕಡಲು ದಾಟಿ ಬಂದು ಟೌಬರ್‌ಬಿಷೋಫ್ಸ್‌ಹೈಮ್‌ನ ಮಠ ನಡೆಸಿದಳು. ಅವಳನ್ನು ತನ್ನ ಸಮಾಧಿಯಲ್ಲೇ ಮಲಗಿಸಬೇಕೆಂದು ಬೊನಿಫೇಸ್ ಹೇಳಿದ್ದನಂತೆ. ಅವಳು ಸತ್ತಾಗ ಫುಲ್ಡಾದ ಸನ್ಯಾಸಿಗಳು ಆ ಸಮಾಧಿ ತೆರೆಯಲು ಅಂಜಿ ಅವಳನ್ನು ಬೇರೆಡೆ ಹೂಳಿದರು ಎಂದು ಅವಳ ಚರಿತ್ರೆ ಬರೆದ ರುಡಾಲ್ಫ್ ಹೇಳುತ್ತಾನೆ. ಆ ಅಂಜಿಕೆ ನಮ್ಮ ಪಠ್ಯಗಳಲ್ಲಿ ಇನ್ನೂ ಇದೆ. ಸಂತನ ಪಕ್ಕದಲ್ಲಿ ಕೊಡಲಿಗೆ ಜಾಗವಿದೆ, ಲಿಯೋಬಾಗೆ ಇಲ್ಲ.

ಪತ್ರಗಳೂ ಶಿಷ್ಯರು ಆಯ್ದು ಉಳಿಸಿದವೇ ಅಲ್ಲವೆ ಎಂದು ನೀವು ಕೇಳಬಹುದು. ಹೌದು. ಆದರೂ ಪುಸ್ತಕ ಬೇಡುವವನು, ಕಣ್ಣು ಮಂಜಾಗುತ್ತಿದೆ, ದಪ್ಪಕ್ಷರದ ಪ್ರತಿ ಕಳಿಸಿ ಎನ್ನುವವನು ತನ್ನ ಕೊರತೆಯನ್ನು ಬಚ್ಚಿಡಲಾರ. ಸಂತಚರಿತ್ರೆ ಆ ಕೊರತೆಯನ್ನೇ ಅಳಿಸುತ್ತದೆ. ಮರದ ಸುತ್ತ ನಿಂತು ಶಪಿಸಿದವರದಂತೂ ಒಂದು ಸಾಲೂ ಉಳಿದಿಲ್ಲ. ಅವರ ಪರವಾಗಿ ಕೋಪಗೊಳ್ಳುವವರೂ ವಿಲ್ಲಿಬಾಲ್ಡ್‌ನ ಮಾತನ್ನೇ ಎರವಲು ಪಡೆದಿದ್ದಾರೆ.

ಆದ್ದರಿಂದ ಗೆಳೆಯರೆ, ಯಾರಾದರೂ ಆ ಮರದ ಚಿತ್ರ ತೋರಿಸಿ ಮೆಚ್ಚಿ ಅಥವಾ ಶಪಿಸಿ ಎಂದರೆ ಎರಡು ಪ್ರಶ್ನೆ ಕೇಳಿ: ಕೊಡಲಿಗೆ ಕಾವಲು ಕೊಟ್ಟವರು ಯಾರು? ಪುಸ್ತಕ ಬರೆದುಕೊಟ್ಟವರು ಯಾರು?